ಅಕ್ಕನ ಬಗ್ಗೆ ಒಂದು ಊಹೆ

ತತ್ವಶಾಸ್ತ್ರದಲ್ಲಿ ಎಂ.ಎ. ಮಾಡುತ್ತೇನೆ ಎಂದವರಿಗೆ ಜನ ಕೇಳುವ ಪ್ರಶ್ನೆ ಎಲ್ಲ ಕಡೆಯೂ ಒಂದೇ: ಮಾಡಿ ಏನು ಮಾಡ್ತೀಯಾ? ಮರಿಯ ಅಕ್ಕ ಮಾತ್ರ ಹಾಗೆ ಕೇಳಿರಲಿಲ್ಲ. ಅವಳು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ದಿನವಿಡೀ ನಿಂತು, ಬಂದವರ ಮೂಗಿನ ಮೇಲೆ ಒಂದರ ಬದಲು ಇನ್ನೊಂದು ಗಾಜು ಇಡುತ್ತಾ "ಇದು ಚೆನ್ನಾಗಿ ಕಾಣುತ್ತಾ, ಅದಾ?" ಎಂದು ಕೇಳುವುದೇ ಅವಳ ಕೆಲಸ. "ಓದು ಮರಿ. ಎದುರಿಗೆ ಕೂತವರಿಗೆ ಒಳಗೆ ನಿಜವಾಗಿ ಏನು ಕಾಣುತ್ತೆ ಅಂತ ನಿನಗಾದ್ರೂ ಗೊತ್ತಾಗಲಿ, ನಂಗಂತೂ ಇಷ್ಟು ವರ್ಷಕ್ಕೂ ಗೊತ್ತಾಗಿಲ್ಲ," ಎಂದು ನಕ್ಕು ಅರ್ಜಿಯ ಮೇಲೆ ಫೋಟೋ ಅಂಟಿಸಿಕೊಟ್ಟಿದ್ದಳು.

ಮರಿ ಅನ್ನುವುದು ಅಕ್ಕನೇ ಇಟ್ಟ ಹೆಸರು. ಅಪ್ಪ ಅಮ್ಮ ಹೋದಮೇಲೆ ಅಕ್ಕನೇ ಸಾಕಿದ್ದು. ಎಂ.ಎ. ಎರಡನೇ ವರ್ಷಕ್ಕೆ ಬಂದರೂ, ಪ್ರಬಂಧಕ್ಕೆ ವಿಷಯ ಆರಿಸಿಕೊಂಡು ದೊಡ್ಡದೊಡ್ಡ ಮಾತು ಆಡುತ್ತಿದ್ದರೂ, ಮನೆಯೊಳಗೆ ಕಾಲಿಟ್ಟರೆ ಅವಳು ಮರಿಯೇ. ಇಸ್ತ್ರಿ ಅಂಗಡಿಯ ಮೇಲಿನ ಎರಡು ಕೋಣೆಗಳ ಮನೆ ಅದು. ಕೆಳಗೆ ಇಸ್ತ್ರಿಯಾಕೆ ಬಟ್ಟೆಗೆ ನೀರು ಚಿಮುಕಿಸಿದರೆ ಮೇಲೆ ಬಿಸಿ ಬಟ್ಟೆಯ ವಾಸನೆ ಬರುತ್ತಿತ್ತು.

ವಿಭಾಗವೂ ಅಷ್ಟೇ ಚಿಕ್ಕದು. ಕಾಲೇಜಿನ ಕೊನೆಯ ಮಹಡಿಯಲ್ಲಿ, ಮುರಿದ ಬೆಂಚುಗಳನ್ನು ಪೇರಿಸಿಟ್ಟ ಕೋಣೆಯ ಪಕ್ಕ, ಒಂದು ಉದ್ದ ಮೇಜು ಮತ್ತು ಮುಚ್ಚಲು ಬಾರದ ಒಂದು ಕಿಟಕಿ. ಓದುವವರು ಮೂವರು. ಮರಿ ಒಬ್ಬಳು. ನಿವೃತ್ತಿಯಾದ ಮೇಲೆ ಮನೆಯಲ್ಲಿ ಹೆಂಡತಿಯ ಜೊತೆ ವಾದ ಮಾಡಿ ಸೋತು, ಸರಿಯಾಗಿ ವಾದ ಮಾಡುವುದನ್ನು ಕಲಿಯಲೆಂದೇ ಸೇರಿಕೊಂಡ ಬ್ಯಾಂಕಿನವರು ಇನ್ನೊಬ್ಬರು. ಬಾಗಿಲು ದಾಟುವಾಗೆಲ್ಲ ತಲೆ ತಗ್ಗಿಸಬೇಕಾಗಿದ್ದ ಉದ್ದಣ್ಣ ಮತ್ತೊಬ್ಬ. ಕಲಿಸುವವರನ್ನು ಹಿಂದಿನಿಂದ ಎಲ್ಲರೂ ವಾಪಸ್ ಮೇಷ್ಟ್ರು ಎನ್ನುತ್ತಿದ್ದರು, ಎದುರಿಗೆ ಸರ್.

ಆ ಹೆಸರು ಬಂದದ್ದು ಅವರ ಒಂದು ಪದ್ಧತಿಯಿಂದ. ತತ್ವಶಾಸ್ತ್ರದ ತರಗತಿ ನಡೆಯುವುದೇ ಊಹೆಗಳ ಮೇಲೆ. ಈ ಮೇಜು ನಾವು ನೋಡದಿದ್ದಾಗ ಇರುವುದಿಲ್ಲ ಅಂತಿಟ್ಟುಕೊಳ್ಳೋಣ, ನಾಳೆಯಿಂದ ಬೆಂಕಿ ಸುಡುವುದಿಲ್ಲ ಅಂತಿಟ್ಟುಕೊಳ್ಳೋಣ, ಹೀಗೆ ಬಾಯಿಗೆ ಬಂದದ್ದನ್ನು ಇಟ್ಟುಕೊಂಡು ಅದರ ಬಾಲ ಹಿಡಿದು ಎಲ್ಲಿಗೆ ಬೇಕಾದರೂ ಹೋಗುತ್ತಾರೆ. ತರಗತಿ ಮುಗಿದಾಗ ಈ ಮೇಷ್ಟ್ರು ಯಾರನ್ನೂ ಏಳಲು ಬಿಡುತ್ತಿರಲಿಲ್ಲ. ಆ ದಿನ ಊಹೆ ಮಾಡಿದವರು ಒಬ್ಬೊಬ್ಬರಾಗಿ ಅದನ್ನು ಹೇಳಿ, "ಬರೀ ಊಹೆ, ವಾಪಸ್ ತಗೊಂಡೆ," ಎನ್ನಬೇಕು. ಊಹಿಸಿದವರೇ ಹೇಳಬೇಕು, ಅದನ್ನು ಕೇಳಿದವರೆಲ್ಲ ಎದುರಿಗಿರಬೇಕು. ಬೆಂಕಿ ಮತ್ತೆ ಸುಡುವಂತಾದ ಮೇಲೆಯೇ ಅವರು ಚೀಲ ಎತ್ತಿಕೊಳ್ಳುತ್ತಿದ್ದುದು.

"ಯಾಕೆ ಸರ್ ಇದೆಲ್ಲ?" ಎಂದು ಉದ್ದಣ್ಣ ಒಮ್ಮೆ ಕೇಳಿದ್ದ.

"ನಮ್ಮ ಮೇಷ್ಟ್ರು ಮಾಡಿಸ್ತಿದ್ರು. ಅವರಿಗೆ ಅವರ ಮೇಷ್ಟ್ರು," ಎಂದಿದ್ದರು. "ಊಟ ಆದ್ಮೇಲೆ ಕೈ ತೊಳೀತೀಯಲ್ಲಪ್ಪ, ಹಾಗೆ ಅಂದ್ಕೋ."

ಬ್ಯಾಂಕಿನವರಿಗೆ ಈ ಪದ್ಧತಿ ಬಲು ಇಷ್ಟ. ಸಂಜೆಯ ಲೆಕ್ಕ ಚುಕ್ತಾ ಮಾಡಿದ ಸಮಾಧಾನ ಅವರ ಮುಖದ ಮೇಲೆ ಕಾಣುತ್ತಿತ್ತು. ಉದ್ದಣ್ಣ ಹುಸಿನಗುತ್ತಾ ಹೇಳಿ ಮುಗಿಸುತ್ತಿದ್ದ. ಮರಿಗೆ ಅದೊಂದು ಮುದುಕರ ಚಾಳಿ, ಅಷ್ಟೇ. ಬುದ್ಧಿವಂತರಿಗೆ ಹೊತ್ತು ಕಳೆಯಲು ಏನಾದರೂ ಬೇಕಲ್ಲ.

ಅಕ್ಕನ ಮುಖಕ್ಕೆ ನೋವು ಬಂದದ್ದು ಮರಿ ಮೊದಲನೇ ವರ್ಷದಲ್ಲಿದ್ದಾಗ. ಮೊದಲು ಹಲ್ಲುನೋವು ಅಂದುಕೊಂಡು ಒಂದು ಹಲ್ಲು ಕೀಳಿಸಿದರು, ಪಾಪ, ಆ ಹಲ್ಲು ಏನೂ ತಪ್ಪು ಮಾಡಿರಲಿಲ್ಲ. ಆಮೇಲೆ ತಿಳಿಯಿತು, ಮುಖದ ನರ. ತಲೆಬುರುಡೆಯೊಳಗೆ ಒಂದು ರಕ್ತನಾಳ ಹೋಗಿ ನರಕ್ಕೆ ಒರಗಿಕೊಂಡಿದೆಯಂತೆ. ಗಾಳಿ ಸೋಕಿದರೆ, ಅಗಿದರೆ, ಮುಖ ತೊಳೆದರೆ, ನಕ್ಕರೆ, ಕರೆಂಟು ಹೊಡೆದ ಹಾಗೆ ಕೆನ್ನೆಯಿಂದ ಕಣ್ಣಿನವರೆಗೆ ನೋವು ಹರಿಯುತ್ತಿತ್ತು. ಆಗ ಅಕ್ಕ ಮಾತಿನ ನಡುವೆಯೇ ನಿಂತುಬಿಡುತ್ತಿದ್ದಳು. ಕೈ ಕೆನ್ನೆಯ ಹತ್ತಿರ ಹೋಗಿ, ಮುಟ್ಟದೆ, ಬೆರಳಷ್ಟು ದೂರದಲ್ಲಿ ನಡುಗುತ್ತಾ ನಿಲ್ಲುತ್ತಿತ್ತು. ಊರಿಗೆಲ್ಲ ಅಡ್ಡಹೆಸರಿಟ್ಟು ನಗಿಸುತ್ತಿದ್ದವಳು ನಗುವುದನ್ನೇ ಬಿಟ್ಟಳು. ಆಪರೇಷನ್ ಮಾಡುವ ಡಾಕ್ಟರಿಗಾಗಿ ಸರದಿಯಲ್ಲಿ ಕಾಯಬೇಕಿತ್ತು. ಅಲ್ಲಿಯವರೆಗೆ ಮಾತ್ರೆ, ಆ ಮಾತ್ರೆಗೆ ತಲೆಸುತ್ತು.

ಮರಿಗೆ ಅದನ್ನು ನೋಡಲು ಆಗುತ್ತಿರಲಿಲ್ಲ. ಪಕ್ಕದಲ್ಲಿ ಕೂತು ಅಕ್ಕನ ಇನ್ನೊಂದು ಕೈ ಹಿಡಿದುಕೊಳ್ಳುತ್ತಿದ್ದಳು, ನೋವು ಇಳಿಯುವವರೆಗೆ ಅಕ್ಕ ಆ ಕೈಯನ್ನು ಹಿಂಡುತ್ತಿದ್ದಳು. ಈ ನೋವನ್ನು ಯಾರೂ ಅನುಭವಿಸದೆ ಹೋದರೆ ಎಷ್ಟು ಚೆನ್ನ ಎಂದು ಸಾವಿರ ಸಲ ಅಂದುಕೊಂಡಿದ್ದಳು. ಆ ಆಸೆಯೇ ಪ್ರಬಂಧದ ವಿಷಯವಾಯಿತೋ ಏನೋ. ಇನ್ನೊಬ್ಬರಿಗೆ ನೋಯುತ್ತಿದೆ ಎಂದು ನಮಗೆ ಗೊತ್ತಾಗುವುದು ಹೇಗೆ, ಇದು ಅವಳ ಪ್ರಶ್ನೆ.

ಒಂದು ದಿನ ತರಗತಿಯಲ್ಲಿ ಮಾತು ಕಾವೇರಿತ್ತು. ಮುಖ ನೋಡಿದರೆ ಗೊತ್ತಾಗುತ್ತದೆ, ಅದರಲ್ಲೇನು, ಎಂದು ಬ್ಯಾಂಕಿನವರು ಪಟ್ಟುಹಿಡಿದಿದ್ದರು.

"ನಮ್ಮ ಅಕ್ಕನನ್ನೇ ತಗೊಳ್ಳಿ," ಎಂದಳು ಮರಿ. "ಅವಳ ಒಳಗೆ ಯಾರೂ ಇಲ್ಲ ಅಂತಿಟ್ಟುಕೊಳ್ಳೋಣ. ಮುಖ ಕಿವುಚ್ತಾಳೆ, ಕೈ ನಡುಗತ್ತೆ, ನೋವು ಅಂತಾಳೆ. ಅಂಗಡಿಗೆ ಹೋಗ್ತಾಳೆ, ಅಡುಗೆ ಮಾಡ್ತಾಳೆ, ಕೇಳಿದ್ದಕ್ಕೆಲ್ಲ ಅವಳ ಹಾಗೇ ಉತ್ತರ ಕೊಡ್ತಾಳೆ. ಒಂದು ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ಆದ್ರೆ ಒಳಗೆ ದೀಪ ಇಲ್ಲ, ನೋಯೋಕೆ ಯಾರೂ ಇಲ್ಲ. ನೀವು ಮುಖ ನೋಡಿ ಹೇಗೆ ಕಂಡುಹಿಡೀತೀರಿ?"

ಉದ್ದಣ್ಣ ಮೆಚ್ಚುಗೆಯಿಂದ ಶಿಳ್ಳೆ ಹಾಕಿದ. ಗೆದ್ದ ಖುಷಿಯಲ್ಲಿ ಮರಿಯ ಕಿವಿ ಬಿಸಿಯಾಗಿತ್ತು. ಅಷ್ಟರಲ್ಲಿ ಫೋನು ಬಂತು, ಅಂಗಡಿಯ ಯಜಮಾನರದ್ದು. ಅಕ್ಕ ಕೌಂಟರಿನ ಹಿಂದೆ ಕುಸಿದು ಕೂತಿದ್ದಾಳಂತೆ, ಬೇಗ ಬರಬೇಕಂತೆ.

ಮರಿ ಚೀಲ ಎಳೆದುಕೊಂಡು ಓಡಿದಳು. "ಅಮ್ಮಾ, ಒಂದು ನಿಮಿಷ, ವಾಪಸ್..." ಎಂದು ಮೇಷ್ಟ್ರು ಕೂಗಿದ್ದು ಮೆಟ್ಟಿಲಿನವರೆಗೆ ಕೇಳಿಸಿತು. ಅಕ್ಕ ಬಿದ್ದಿರುವಾಗ ಯಾರು ನಿಲ್ಲುತ್ತಾರೆ?

ಅಂಗಡಿ ತಲುಪುವ ಹೊತ್ತಿಗೆ ಅಕ್ಕ ಎದ್ದು ಸ್ಟೂಲಿನ ಮೇಲೆ ಕೂತಿದ್ದಳು. "ಗಾಳಿ ಹೊಡೀತು, ಅಷ್ಟೆ. ಈಗ ಏನೂ ಇಲ್ಲ," ಎಂದಳು. ಆಟೋದಲ್ಲಿ ಮನೆಗೆ ಬಂದರು. ಆ ದಿನ ಹಾಗೆ ಕಳೆಯಿತು. ಮೇಷ್ಟ್ರ ತರಗತಿ ಮತ್ತೆ ಇದ್ದದ್ದು ಮುಂದಿನ ವಾರ.

ವಿಚಿತ್ರ ಅನ್ನಿಸುವಂಥದು ಮೊದಲು ಆದದ್ದು ಒಂದೆರಡು ದಿನ ಬಿಟ್ಟು. ಮರಿ ಲೈಬ್ರರಿಯಿಂದ ಬಂದು ಬಾಗಿಲು ತೆರೆದಳು. ಮನೆಯಲ್ಲಿ ಯಾರೂ ಇರಲಿಲ್ಲ. ಕರೆದು ನೋಡದೆಯೇ ಅದು ಎಲ್ಲರಿಗೂ ಗೊತ್ತಾಗುತ್ತದೆ, ಖಾಲಿ ಮನೆಗೆ ಅದರದೇ ಒಂದು ಮೌನ ಇರುತ್ತದೆ. ಅವಳು ಚೀಲ ಬಿಸಾಕಿ, ಚಪ್ಪಲಿಯನ್ನು ಕಾಲಿನಲ್ಲೇ ಮೂಲೆಗೆ ತಳ್ಳಿ, ಒಬ್ಬಳೇ ಇರುವಾಗ ಹಾಡುವ ಹಾಗೆ ಜೋರಾಗಿ, ಅಪಶ್ರುತಿಯಲ್ಲಿ ಹಾಡತೊಡಗಿದಳು.

"ಬಂದ್ಯಾ?" ಎಂದಳು ಅಕ್ಕ.

ಅಕ್ಕ ಅದೇ ಕೋಣೆಯಲ್ಲಿ, ಕಿಟಕಿಯ ಪಕ್ಕದ ಕುರ್ಚಿಯಲ್ಲಿ, ಬಟ್ಟೆ ಮಡಿಸುತ್ತಾ ಕೂತಿದ್ದಳು. ಮರಿ ಹಾಡು ನಿಲ್ಲಿಸಿ ತಿರುಗಿದಳು. ಕಣ್ಣಿಗೆ ಕಂಡಿರಲಿಲ್ಲ ಎನ್ನುವ ಹಾಗಿರಲಿಲ್ಲ. ಕಂಡಿದ್ದಳು. ಕುರ್ಚಿಯನ್ನು ಕಂಡ ಹಾಗೆ, ಮಡಿಸಿದ ಬಟ್ಟೆಯನ್ನು ಕಂಡ ಹಾಗೆ ಅಕ್ಕನನ್ನೂ ಕಂಡಿದ್ದಳು. ಮನೆಯಲ್ಲಿ ಯಾರೂ ಇಲ್ಲ ಅನ್ನಿಸಿದ್ದು ಹಾಗೆ ಕಂಡ ಮೇಲೆಯೇ.

"ಏನಾಯ್ತೇ? ದೆವ್ವ ನೋಡಿದ ಹಾಗೆ ನೋಡ್ತೀಯಾ," ಎಂದಳು ಅಕ್ಕ, ಅವಳದೇ ದನಿಯಲ್ಲಿ.

ಮರಿ ಅದನ್ನು ಕೊಡವಿಕೊಂಡಳು. ಆದರೆ ಕೆಳಗಿನ ಇಸ್ತ್ರಿಯಾಕೆಗೆ ಮೊಮ್ಮಗು ಒಂದಿತ್ತು, ಅಕ್ಕನನ್ನು ಕಂಡರೆ ಮೈಮೇಲೆ ಹಾರುತ್ತಿದ್ದ ಕೂಸು, ಅದು ಈಗ ಅಕ್ಕ ಎತ್ತಿಕೊಂಡು ಮಾತಾಡಿಸಿದರೆ ಅವಳ ಭುಜದಾಚೆ ನೋಡುತ್ತಿತ್ತು. ಅಳಲಿಲ್ಲ, ಹೆದರಲಿಲ್ಲ. ತೊಟ್ಟಿಲಲ್ಲಿ ಮಲಗಿಸಿದಾಗ ಇರುವ ಹಾಗೆ ಸುಮ್ಮನೆ ಇರುತ್ತಿತ್ತು. ಇಸ್ತ್ರಿಯಾಕೆ ಮೇಲೆ ಬಂದಾಗ ಅಕ್ಕ ಬಾಗಿಲಲ್ಲೇ ನಿಂತಿದ್ದರೂ "ಮನೇಲಿ ಯಾರಿದೀರಾ?" ಎಂದು ಕೇಳಿ, ಆಮೇಲೆ ತಾನೇ ಬೆಪ್ಪಾಗಿ, "ಅಯ್ಯೋ, ಇಲ್ಲೇ ಇದೀಯಲ್ಲಮ್ಮ," ಎಂದಳು.

ಒಂದು ಸಂಜೆ ಅಂಗಡಿಯ ಯಜಮಾನರೇ ಅಕ್ಕನನ್ನು ಕರೆದುಕೊಂಡು ಬಂದರು. ಅವರ ಮುಖ ಸಪ್ಪಗಿತ್ತು. ಅಕ್ಕ ಒಳಗೆ ಹೋದಮೇಲೆ ಮರಿಯನ್ನು ಮೆಟ್ಟಿಲ ಬಳಿ ಕರೆದು ಪಿಸುಗುಟ್ಟಿದರು.

"ತಪ್ಪು ತಿಳ್ಕೋಬೇಡಮ್ಮ. ಅಂಗಡಿ ಮುಚ್ಚೋವಾಗ ಒಳಗೆ ಒಂದು ಸಲ ನೋಡ್ತೀನಿ, ರೂಢಿ. ನೋಡಿದೆ. ಯಾರೂ ಇಲ್ಲ ಅನ್ನಿಸ್ತು, ದೀಪ ಆರಿಸಿ ಷಟರ್ ಎಳೆದು ಬೀಗ ಹಾಕಿದೆ. ಒಳಗಿಂದ ನಿಮ್ಮಕ್ಕ ಕೂಗಿದ್ರು."

"ಅವಳು ಎಲ್ಲಿದ್ಳು?"

"ಅದೇ ಅಮ್ಮ," ಎಂದರು. "ಕೌಂಟರ್ ಹಿಂದೆ ನಿಂತಿದ್ರು. ನನ್ನ ಎದುರಿಗೇ. ನಾನು ಅವರನ್ನ ನೋಡಿ, ಯಾರೂ ಇಲ್ಲ ಅಂತ ದೀಪ ಆರಿಸಿದೆ. ವಯಸ್ಸಾಯ್ತೋ ಏನೋ ನಂಗೆ."

ಆಗ ಮರಿಗೆ ತಾನು ಮೇಜಿನ ಮುಂದೆ ಆಡಿದ ಮಾತು, ಅದರ ಒಂದೊಂದು ಪದವೂ ನೆನಪಾಯಿತು. ಒಳಗೆ ದೀಪ ಇಲ್ಲ ಎಂದಿದ್ದಳು. ಆ ಮಾತು ಇನ್ನೂ ಆ ಕೋಣೆಯಲ್ಲೇ ಬಿದ್ದಿತ್ತು.

ಮಾರನೆಯ ದಿನ ಮೇಷ್ಟ್ರ ಮುಂದೆ ಹೋಗಿ ನಿಂತಳು. ಹೇಳಲು ನಾಚಿಕೆ. ಹೇಳಿದಳು. ನಗುತ್ತಾರೆ ಅಂದುಕೊಂಡಿದ್ದಳು, ಅವರು ನಗಲಿಲ್ಲ. ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿಕೊಂಡರು.

"ಕೂಗಿದೆನಲ್ಲಮ್ಮ," ಎಂದರು.

"ಇದೆಲ್ಲ ನಿಜಾನಾ ಸರ್?"

"ನನಗೇನು ಗೊತ್ತು? ನಾನು ಇವತ್ತಿನ ತನಕ ಒಂದನ್ನೂ ಬಿಟ್ಟು ಎದ್ದವನಲ್ಲ. ಬಿಟ್ಟರೆ ಏನಾಗತ್ತೆ ಅಂತ ನಮ್ಮ ಮೇಷ್ಟ್ರೂ ಹೇಳಿರಲಿಲ್ಲ. ಮಧ್ಯಾಹ್ನ ಅವರಿಬ್ಬರೂ ಬರ್ತಾರೆ. ವಾಪಸ್ ತಗೊಂಡುಬಿಡು. ಏನೂ ಇಲ್ಲದಿದ್ರೆ ನಷ್ಟ ಏನು?"

ಆಯಿತು ಎಂದು ಹೊರಟವಳು ಬಾಗಿಲಲ್ಲಿ ನಿಂತಳು. ಇಲ್ಲಿಯೇ ನೋಡಿ, ಓದಿದವರು ಮಾತ್ರ ಮಾಡುವ ತಪ್ಪು ಅವಳ ತಲೆಯಲ್ಲಿ ಮೊಳೆತದ್ದು. ಬೇರೆ ಯಾರಾದರೂ ಆಗಿದ್ದರೆ ಮಧ್ಯಾಹ್ನದವರೆಗೂ ಕಾಯದೆ ಉಳಿದಿಬ್ಬರನ್ನೂ ಮನೆಯಿಂದ ಎಳೆದುಕೊಂಡು ಬರುತ್ತಿದ್ದರು. ಮರಿ ಯೋಚಿಸಿದಳು: ಊಹೆ ನಿಜವಾಗಿದ್ದರೆ, ಅಕ್ಕನಿಗೆ ಈಗ ನೋಯುತ್ತಿಲ್ಲ. ಮುಖ ಕಿವುಚುತ್ತದೆ, ಕೈ ನಡುಗುತ್ತದೆ, ಆದರೆ ಆ ನೋವು ಯಾರಿಗೂ ಆಗುತ್ತಿಲ್ಲ. ವಾಪಸ್ ತೆಗೆದುಕೊಂಡ ಕ್ಷಣ ಅಕ್ಕ ಎಲ್ಲಿಂದಲೋ ಬರುತ್ತಾಳೆ, ಬಂದು ನೇರ ಆ ನೋವಿನ ಬಾಯಿಗೆ ಬೀಳುತ್ತಾಳೆ.

"ಆಪರೇಷನ್ ಆದ್ಮೇಲೆ ತಗೊಂಡ್ರೆ ಆಗಲ್ವಾ ಸರ್?" ಎಂದಳು.

ಮೇಷ್ಟ್ರು ಅವಳನ್ನೇ ದಿಟ್ಟಿಸಿದರು. "ನಿಮ್ಮಕ್ಕನ್ನ ಕೇಳಿದ್ಯಾ?"

"ಕೇಳೋಕೆ ಅವಳಿಲ್ವಲ್ಲ."

"ನೀನು ಮಾಡಿರೋ ಊಹೆ ಪ್ರಕಾರ, ಕೇಳಿದ್ದಕ್ಕೆಲ್ಲ ಅವಳ ಹಾಗೇ ಉತ್ತರ ಕೊಡ್ತಾಳೆ. ಕೇಳು. ಆದ್ರೆ ಒಂದು ಮಾತು, ಬೇಗ ಬಾ. ಊಹೆ ತುಂಬ ದಿನ ಬಿದ್ದಿದ್ರೆ ಊಹೆಯಾಗಿ ಉಳಿಯಲ್ಲ."

ಆ ಕೊನೆಯ ಮಾತನ್ನು ಮರಿ ಅಷ್ಟಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ.

ಅಕ್ಕನನ್ನು ಕೇಳಿದಳು. ತಮಾಷೆಯ ಹಾಗೆ, ಓದಿನ ಪ್ರಶ್ನೆಯ ಹಾಗೆ. ಆಪರೇಷನ್ನಿನವರೆಗೆ ನೋವೂ ಇಲ್ಲ, ನೀನೂ ಇಲ್ಲ, ಆಮೇಲೆ ವಾಪಸ್ ಬರ್ತೀಯ, ಒಪ್ಪಿಗೆಯಾ?

"ನಾನಿಲ್ಲದಾಗ ಅಂಗಡಿಗೆ ಯಾರು ಹೋಗ್ತಾರೆ?"

"ನೀನೇ."

"ಪಾತ್ರೆ ತೊಳೆಯೋದು?"

"ಅದೂ ನೀನೇ."

"ಕತ್ತೆ ಚಾಕರಿ ಎಲ್ಲ ನಾನೇ ಮಾಡಬೇಕು, ಇರೋಕೆ ಮಾತ್ರ ನಾನಿರಬಾರದು. ಚೆನ್ನಾಗಿದೆ ನಿಮ್ಮ ತತ್ವಶಾಸ್ತ್ರ," ಎಂದು ಅಕ್ಕ ನಗಲು ಹೋದಳು. ನೋವು ಹೊಡೆಯಿತು. ಕೈ ಕೆನ್ನೆಯ ಪಕ್ಕ ನಡುಗಿತು. ಇಳಿದಮೇಲೆ ಕಣ್ಣೀರು ಒರೆಸಿಕೊಂಡು, "ಆಗಲಿ. ಇದು ತಪ್ಪತ್ತೆ ಅಂದ್ರೆ ಯಾರು ಬೇಡ ಅಂತಾರೆ ಮರಿ," ಎಂದಳು.

ಮರಿಗೆ ಅಷ್ಟು ಸಾಕಾಯಿತು. ಅಕ್ಕ ಇದ್ದಿದ್ದರೂ ಇದನ್ನೇ ಹೇಳುತ್ತಿದ್ದಳು, ಅಂದಮೇಲೆ ಒಪ್ಪಿದಂತೆಯೇ. ವಾದದಲ್ಲಿ ಎಲ್ಲೂ ಬಿರುಕಿರಲಿಲ್ಲ. ಅವಳು ನೆಮ್ಮದಿಯಿಂದ ಕಾಯತೊಡಗಿದಳು.

ಒಬ್ಬರೇ ಇದ್ದ ಹಾಗೆ ಬದುಕುವುದಕ್ಕೆ ಮನುಷ್ಯ ಎಷ್ಟು ಬೇಗ ಒಗ್ಗಿಕೊಳ್ಳುತ್ತಾನೆ ಅಂದರೆ ಹೆದರಿಕೆಯಾಗುತ್ತದೆ. ಮೊದಮೊದಲು ಅಕ್ಕನ ಜೊತೆ ಊಟಕ್ಕೆ ಕೂತಾಗ, ಎದುರಿನ ತಟ್ಟೆ ತಾನಾಗಿ ಖಾಲಿಯಾಗುತ್ತಿರುವಂತೆ ಅನ್ನಿಸಿ ಮರಿಗೆ ತುತ್ತು ಇಳಿಯುತ್ತಿರಲಿಲ್ಲ. ಬರಬರುತ್ತಾ ಅದೂ ಸಲೀಸಾಯಿತು. ಅಕ್ಕನ ಎದುರಿಗೇ ಬಟ್ಟೆ ಬದಲಾಯಿಸುತ್ತಾ ತನ್ನಷ್ಟಕ್ಕೆ ಮಾತಾಡಿಕೊಳ್ಳುತ್ತಿದ್ದಳು. ಕೋಣೆಯಿಂದ ಹೊರಗೆ ಹೋಗುವಾಗ ಅಕ್ಕ ಕೂತಿದ್ದರೂ ಫ್ಯಾನು ಆರಿಸಿ ಹೋಗುತ್ತಿದ್ದಳು. ಅಕ್ಕ ಎದ್ದು ಮತ್ತೆ ಹಾಕಿಕೊಳ್ಳುತ್ತಿದ್ದಳು.

ನೋವು ಬಂದಾಗ ಮೊದಲ ಕೆಲವು ದಿನ ಅಭ್ಯಾಸಬಲದಿಂದ ಓಡಿ ಹೋಗಿ ಕೈ ಹಿಡಿದಳು. ಆಮೇಲೆ, ಯಾರ ಕೈಯನ್ನು ಹಿಡಿಯುತ್ತಿದ್ದೇನೆ ಎಂದು ಕೇಳಿಕೊಂಡಳು. ಪ್ರಬಂಧ ಕೊಡುವ ಗಡುವು ಹತ್ತಿರ ಬರುತ್ತಿತ್ತು. ಈ ಕೋಣೆಯಲ್ಲಿ ಅವಳು ಓದುತ್ತಿದ್ದಳು, ಆ ಕೋಣೆಯಲ್ಲಿ ನರಳುವ ಸದ್ದು ಬರುತ್ತಿತ್ತು. ನಲ್ಲಿ ತೊಟ್ಟಿಕ್ಕುವ ಸದ್ದಿಗೆ ಕಿವಿ ಒಗ್ಗುವುದಿಲ್ಲವೇ, ಅದಕ್ಕೂ ಒಗ್ಗಿತು.

ಒಂದು ದಿನ ಇಸ್ತ್ರಿಯಾಕೆ ಕೈಯಲ್ಲಿ ಬಟ್ಟೆಯ ಗಂಟು ಹಿಡಿದು ಬಿರಬಿರನೆ ಮೆಟ್ಟಿಲು ಹತ್ತಿ ಬಂದಳು. "ಏನೇ ಇದು? ಅಕ್ಕ ಹಂಗೆ ನರಳ್ತಿದ್ದಾಳೆ, ಕೆಳಗಡೆ ನಂಗೆ ಕೇಳ್ತಿದೆ. ನೀನು ಓದ್ತಾ ಕೂತಿದ್ದೀಯಲ್ಲ, ಕರುಳು ಗಿರುಳು ಇದೆಯಾ ನಿಂಗೆ?"

"ಪರವಾಗಿಲ್ಲ ಬಿಡಿ," ಎಂದಳು ಮರಿ ಪುಸ್ತಕದಿಂದ ತಲೆ ಎತ್ತದೆ. "ಅವಳಿಗೆ ನೋವಾಗ್ತಿಲ್ಲ."

ಇಸ್ತ್ರಿಯಾಕೆ ಗಂಟನ್ನು ಅಲ್ಲೇ ಇಟ್ಟು, ಅವಳನ್ನು ಒಂದು ಥರ ನೋಡಿ, ಒಳಕೋಣೆಗೆ ಹೋಗಿ ಅಕ್ಕನ ಪಕ್ಕ ಕೂತಳು. ಮರಿ ಹಾಳೆ ತಿರುಗಿಸಿದಳು.

ಸರದಿ ಬಂತು, ಆಪರೇಷನ್ ಆಯಿತು. ಕಿವಿಯ ಹಿಂದೆ ಕೂದಲು ಬೋಳಿಸಿ, ತೂತು ಕೊರೆದು, ನರಕ್ಕೂ ರಕ್ತನಾಳಕ್ಕೂ ನಡುವೆ ಮೆತ್ತನೆಯದೇನನ್ನೋ ಇಟ್ಟರಂತೆ. ಡಾಕ್ಟರು ಹೊರಗೆ ಬಂದು, "ಚೆನ್ನಾಗಿ ಆಯ್ತು," ಎಂದರು. ಎಚ್ಚರವಾದ ಅಕ್ಕ ತನ್ನ ಕೆನ್ನೆಯನ್ನು ಮುಟ್ಟಿಕೊಂಡಳು. ಬೆರಳಿನಿಂದ ಒತ್ತಿದಳು. ಆಮೇಲೆ ಅಂಗೈಯಿಂದ ಪಟಪಟ ಹೊಡೆದುಕೊಂಡಳು. "ಮರಿ, ಏನೂ ಆಗ್ತಿಲ್ಲ ಕಣೇ," ಎಂದು ನಗಲು ಶುರು ಮಾಡಿದಳು, ನರ್ಸ್ ಬಂದು ಗದರುವವರೆಗೆ ನಕ್ಕಳು. ಮರಿ ಮಂಚದ ಪಕ್ಕ ನಿಂತಿದ್ದಳು. ಕೋಣೆ ಖಾಲಿಯಾಗಿತ್ತು.

ಈಗ ಕರೆತರಬೇಕು. ಮರುದಿನವೇ ನಾಲ್ವರೂ ಮೇಜಿನ ಸುತ್ತ ಕೂತರು. ಉದ್ದಣ್ಣ ನಗಲಿಲ್ಲ. ಬ್ಯಾಂಕಿನವರು ಶಾಲು ಹೊದ್ದು ಬಂದಿದ್ದರು, ಸೆಖೆಯಿದ್ದರೂ.

"ಏನು ಊಹಿಸಿದ್ದೆ, ಹೇಳಮ್ಮ," ಎಂದರು ಮೇಷ್ಟ್ರು.

"ನಮ್ಮ ಅಕ್ಕನ ಒಳಗೆ ಯಾರೂ ಇಲ್ಲ ಅಂತ. ಬರೀ ಊಹೆ, ವಾಪಸ್ ತಗೊಂಡೆ."

ಒಂದೇ ಉಸಿರಿಗೆ ಹೇಳಿದಳು. ಬ್ಯಾಂಕಿನವರು ನಿಟ್ಟುಸಿರು ಬಿಟ್ಟು ಚೀಲಕ್ಕೆ ಕೈ ಹಾಕಿದರು. ಮೇಷ್ಟ್ರು ಮಾತ್ರ ಏಳಲಿಲ್ಲ.

"ಬರೀ ಊಹೆನಾ?"

ಮರಿ ಹೌದು ಅನ್ನಬೇಕೆಂದು ಬಾಯಿ ತೆರೆದಳು. ಎರಡು ವರ್ಷ ಈ ಮೇಜಿನ ಮುಂದೆ ಅವಳು ಕಲಿತದ್ದು ಒಂದೇ, ನಿಜ ಅನ್ನಿಸದ್ದನ್ನು ನಿಜ ಅನ್ನಬಾರದು. ಆಸ್ಪತ್ರೆಯ ಮಂಚದ ಮೇಲೆ ನಗುತ್ತಿದ್ದ ಬಾಯಿ ಕಣ್ಣಮುಂದೆ ಬಂತು. ಫ್ಯಾನು ಆರಿಸಿದ್ದು, ನರಳಾಟ ಕೇಳುತ್ತಾ ಓದಿದ್ದು ಎಲ್ಲ ಬಂತು. ಬರೀ ಊಹೆಯ ಮೇಲೆ ಯಾರೂ ಹಾಗೆ ಬದುಕುವುದಿಲ್ಲ.

"ಅಲ್ಲ ಸರ್," ಎಂದಳು. "ನನಗೆ ಗೊತ್ತು. ಅವಳಿಲ್ಲ."

ಕಿಟಕಿಯಿಂದ ಗಾಳಿ ಬಂದು ಮೇಜಿನ ಮೇಲಿದ್ದ ಕಾಗದ ಹಾರಿತು. ಯಾರೂ ಎತ್ತಿಕೊಳ್ಳಲಿಲ್ಲ.

"ಗೊತ್ತಿರೋದನ್ನ ವಾಪಸ್ ತಗೊಳ್ಳೋಕೆ ಬರಲ್ಲಮ್ಮ," ಎಂದರು ಮೇಷ್ಟ್ರು. ಬೈಯುವ ದನಿಯಲ್ಲ, ಸೋತ ದನಿ. "ಬೇಗ ಬಾ ಅಂದಿದ್ದು ಅದಕ್ಕೇ."

"ಈಗ ನಾನೇನ್ ಮಾಡ್ಲಿ?"

"ಸಂಶಯಪಡು. ಒಂದು ಸಂಶಯ ಬಂದ್ರೂ ಸಾಕು, ಅದು ಮತ್ತೆ ಊಹೆ ಆಗತ್ತೆ. ಎರಡು ವರ್ಷ ಇಲ್ಲಿ ಹೇಳಿಕೊಟ್ಟಿದ್ದು ಅದೊಂದನ್ನೇ ತಾನೇ."

ಬೇಕೆಂದಾಗ ಸಂಶಯ ಬರುತ್ತದೆಯೇ? ದೇವರನ್ನು, ಜಗತ್ತನ್ನು, ತನ್ನನ್ನು, ಎಲ್ಲವನ್ನೂ ಅನುಮಾನಿಸಿ ಅಂಕ ತೆಗೆದವಳು ಮರಿ. ಅಕ್ಕನ ವಿಷಯದಲ್ಲಿ ಮಾತ್ರ ಅವಳ ಮನಸ್ಸು ಬಂಡೆಯ ಹಾಗೆ ಕೂತಿತ್ತು. ಅಕ್ಕ ಆಸ್ಪತ್ರೆಯಿಂದ ಮನೆಗೆ ಬಂದಳು. ಮುಖಕ್ಕೆ ತಣ್ಣೀರು ಎರಚಿಕೊಂಡಳು. ಇಸ್ತ್ರಿಯಾಕೆಗೆ ಹೊಸ ಅಡ್ಡಹೆಸರಿಟ್ಟಳು. ಮರಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುತ್ತಿದ್ದಳು. ಎಲ್ಲವೂ ಅಕ್ಕನ ಹಾಗೇ ಇತ್ತು, ಇರಲೇಬೇಕಿತ್ತು, ಅವಳು ಊಹಿಸಿದ್ದೇ ಹಾಗೆ. ಇಷ್ಟು ಕಾದು, ಇಷ್ಟು ನರಳಿ ದಕ್ಕಿದ ಸುಖ, ಅದನ್ನು ಉಣ್ಣಬೇಕಾದವಳಿಗೇ ಇಲ್ಲ. ಮರಿ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು.

ಒಂದು ಮಧ್ಯಾಹ್ನ ಅಕ್ಕ ಕಿಟಕಿ ತೆರೆದಿಟ್ಟು, ಗಾಳಿಗೆ ಮುಖ ಕೊಟ್ಟು, ನೋವಿದ್ದ ಕಡೆಯ ದವಡೆಯಲ್ಲೇ ಬೇಕೆಂದೇ ಕಟಕಟ ಬಿಸ್ಕತ್ತು ಅಗಿಯುತ್ತಿದ್ದಳು. ಮರಿ ಎದುರಿಗೆ ಕೂತು ಅವಳನ್ನೇ ನೋಡುತ್ತಿದ್ದಳು.

"ಈಗ ಏನು ಹೀಗೆ ಗುರಾಯಿಸ್ಕೊಂಡು ನೋಡ್ತೀಯಾ," ಎಂದಳು ಅಕ್ಕ. "ಬೇಕಾದಾಗ ಹತ್ರ ಕೂಡ ಬರ್ಲಿಲ್ಲ."

"ಯಾವಾಗ?"

"ಆಪರೇಷನ್‌ಗೆ ಮುಂಚೆ. ಕೊನೆಕೊನೆಗೆ." ಅಕ್ಕ ದೂರುತ್ತಿರಲಿಲ್ಲ, ತುಟಿಯ ಮೇಲಿನ ಚೂರು ಒರೆಸಿಕೊಳ್ಳುತ್ತಾ ಹೇಳುತ್ತಿದ್ದಳು. "ನಿಂಗೆ ಓದೋದಿತ್ತು, ನಂಗೆ ಗೊತ್ತು. ಈ ಕೋಣೆಯಲ್ಲಿ ನೀನು ಹಾಳೆ ತಿರುಗಿಸೋದು ಅಲ್ಲಿಗೆ ಕೇಳ್ತಿತ್ತು. ನೋವು ಬಂದಾಗೆಲ್ಲ ಅದನ್ನೇ ಕೇಳ್ತಾ ಮಲಗಿರ್ತಿದ್ದೆ. ಇನ್ನೊಂದು ಹಾಳೆ ಆದ್ಮೇಲೆ ಬರ್ತಾಳೆ, ಇನ್ನೊಂದು ಆದ್ಮೇಲೆ ಬರ್ತಾಳೆ ಅಂತ."

ಒಳಗೆ ಯಾರೂ ಇಲ್ಲದವಳೂ ಇದನ್ನೇ ಹೇಳುತ್ತಾಳೆ ಎಂದು ಮರಿಯ ಕಲಿತ ಬುದ್ಧಿ ತಟ್ಟನೆ ಉತ್ತರ ಕೊಟ್ಟಿತು. ಉತ್ತರ ಸರಿಯಾಗಿಯೇ ಇತ್ತು. ಆದರೆ ಆ ಹಾಳೆಗಳ ಸದ್ದು ಗೋಡೆಯಾಚೆಯಿಂದ ಹೇಗೆ ಕೇಳಿಸಿರಬಹುದು ಎಂದು ಅವಳು ಒಮ್ಮೆಯೂ ಯೋಚಿಸಿರಲಿಲ್ಲ. ಈಗ ಅವಳಿಗೆ ಅದು ಕೇಳಿಸಿತು, ಅಕ್ಕನ ಮಂಚದಿಂದ.

ಸಂಶಯ ಬಂದಿತ್ತು. ಅಷ್ಟು ದಿನ ಬೇಡಿಕೊಂಡದ್ದು ಬಂದಾಗ ಅದು ಸಂತೋಷ ತರಲಿಲ್ಲ. ಅಕ್ಕ ಇದ್ದಿರಬಹುದಾದರೆ ಪೂರ್ತಿ ಇದ್ದಿರಬಹುದು, ಆ ನರಳಾಟದ ಒಳಗೂ ಅವಳೇ ಇದ್ದಿರಬಹುದು. ತಾನು ಅವಳನ್ನು ನೋವಿನಿಂದ ಉಳಿಸಿದ್ದೇ ಸುಳ್ಳಾಗಿ, ನೋಯುವಾಗ ಕೈ ಬಿಟ್ಟದ್ದೊಂದೇ ನಿಜವಾಗಿ ಉಳಿಯಬಹುದು. ಇದನ್ನು ತಳ್ಳಿಹಾಕುವುದು ಸುಲಭವಿತ್ತು. ಅವಳಿಲ್ಲ ಎಂದು ಇನ್ನೊಂದು ಸಲ ಅಂದುಕೊಂಡರೆ ಮುಗಿಯಿತು, ಬದುಕಿರುವವರೆಗೆ ಯಾವ ತಪ್ಪೂ ತಲೆಗೆ ಬರುತ್ತಿರಲಿಲ್ಲ. ಮನೆಯಲ್ಲಿ ಯಾರೂ ಇರುತ್ತಿರಲಿಲ್ಲ, ಅಷ್ಟೇ.

ಅಕ್ಕ ಇನ್ನೊಂದು ಬಿಸ್ಕತ್ತು ತೆಗೆದುಕೊಂಡು, "ಅಳ್ತಿದ್ದೀಯಾ?" ಎಂದಳು. "ಬಿಡೇ, ಆಗಿದ್ದಾಯ್ತು."

ಮರಿ ಫೋನು ತೆಗೆದುಕೊಂಡಳು. ಅತ್ತ ಕಡೆ ಮೇಷ್ಟ್ರು ಎತ್ತಿಕೊಂಡರು.

"ಸರ್, ಅವರಿಬ್ಬರನ್ನೂ ಮತ್ತೆ ಕರೀರಿ," ಎಂದಳು, ಅಕ್ಕನ ಮುಖದಿಂದ ಕಣ್ಣು ತೆಗೆಯದೆ. "ನನಗೆ ಗೊತ್ತಿಲ್ಲ ಸರ್. ನಿಜವಾಗಲೂ ಗೊತ್ತಿಲ್ಲ."